ಹೆನ್ರಿ ಗ್ಯಾಂಟ್
ಯಾವ ಕೆಲಸ ಎಂದು ಮೊದಲಾಗಿ ಎಂದು ಮುಗಿಯಬೇಕೆಂಬುದನ್ನು ಅಡ್ಡಗೆರೆಗಳಿಂದ ತೋರಿಸುವ ನಕ್ಷೆಗೆ ಗ್ಯಾಂಟ್ ನಕ್ಷೆಯೆಂದು ಹೆಸರು. ಆ ಹೆಸರಿಗೆ ಕಾರಣನಾದ ಹೆನ್ರಿ ಗ್ಯಾಂಟನು 1861ರಲ್ಲಿ ಅಮೆರಿಕದ ಮೇರಿಲ್ಯಾಂಡ್ ಪ್ರಾಂತದಲ್ಲಿ ಜನಿಸಿದನು. ಗುಲಾಮರಿಂದ ಬೇಸಾಯ ಮಾಡಿಸುತ್ತಿದ್ದ ಸಿರಿವಂತ ಮನೆತನ. ಅಂತರ್ಯುದ್ಧದಲ್ಲಿ ಆ ಸಿರಿ ಕರಗಿತು. ಬಾಲಕನು ಕಷ್ಟದಲ್ಲಿ ಬೆಳೆದು, ಕೆಲಕಾಲ ಉಪಾಧ್ಯಾಯನಾಗಿದ್ದು, ಯಂತ್ರಶಾಸ್ತ್ರವನ್ನು ಕಲಿತು, 1887ರಲ್ಲಿ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಯನ್ನು ಸೇರಿದನು.

ಉಪಾಧ್ಯಾಯನ ಗುಣ ಆತನನ್ನು ಕಡೆಯವರೆಗೂ ಬಿಡಲಿಲ್ಲವೆಂದೇ ತೋರುತ್ತದೆ. 1901ರಲ್ಲಿ ಬೆತ್ಲೆಹೆಮ್ ಕಾರ್ಖಾನೆಯಲ್ಲಿ ಆತನು ಮಾಡಿದ ಏರ್ಪಾಡಿನಂತೆ, ಗೊತ್ತುಮಾಡಿದ ಕೆಲಸವನ್ನು ಮುಗಿಸಿದವನಿಗೆ ಹೆಚ್ಚಿನ ಹಣ. ಮುಗಿಸಲಾರದವನಿಗೂ ದಿನಗೂಲಿ ತಪ್ಪದು. ಗುರಿ ಮುಟ್ಟಿದ ಪ್ರತಿಯೊಬ್ಬ ಆಳಿಗಾಗಿ ಮೇಸ್ತ್ರಿಗೂ ಬಹುಮಾನವುಂಟು! ಗದರಿಸುತ್ತಿದ್ದ ಮೇಸ್ತ್ರಿ ಕಲಿಸತೊಡಗಿದನು.

ಬಳಿಕ ಬಂದುವು ನಕ್ಷೆಗಳು. ಯಂತ್ರಗಳಿಗೊಂದು, ಆಳುಗಳಿಗೊಂದು. ಯಂತ್ರವು ನಿಂತಿದ್ದರೆ ಅದರ ಕಾರಣವನ್ನು ಒಂದು ಅಕ್ಷರದಿಂದ ಗುರುತಿಸುವರು: ಆಳಿಲ್ಲ, ಸಾಮಗ್ರಿಯಿಲ್ಲ, ದುರಸ್ತಿ ನಡೆದಿದೆ. ಆಳು ಹಿಂದೆಬಿದ್ದರೆ ಅವನು ಹೊಸಬನೋ, ಹೇಳಿಕೊಡುವವರಿಲ್ಲವೋ ಎಂಬುದನ್ನೂ ಬರೆಯುವರು. ಇರುವ ಆಳುಗಳು ಕೆಲವರೇ ಆದರೂ, ಎರಡು ಯಂತ್ರಗಳನ್ನು ಬಲ್ಲವನೊಬ್ಬನಿದ್ದರೆ ಅವನನ್ನು ನಾಳೆ ಎಲ್ಲಿಗೆ ಕಳುಹಿಸಬೇಕೆಂಬುದು ನೋಡಿದೊಡನೆ ತಿಳಿಯುವುದು. ಕೂಲಿಕಾರನ ಸೋಮಾರಿತನವೆಂದು ಹೊರಿಸುತ್ತಿದ್ದ ತಪ್ಪಿನಲ್ಲಿ ಬಹುಪಾಲು ಕೆಲಸ ಹಂಚುವವರದೆಂದು ಈ ಗೆರೆಗಳು ತೋರಿಸಿದುವು. ಕೆಲಸವಿಲ್ಲದೆ ನಿಂತ ಯಂತ್ರದ ವೆಚ್ಚವನ್ನು ಸರಕಿನ ಬೆಲೆಗೆ ಸೇರಿಸುವುದೂ ನ್ಯಾಯವಲ್ಲವೆಂದು 1915ರಲ್ಲಿ ಆತನು ವಾದಿಸಿದನು. ಎಲ್ಲ ಯಜಮಾನರಿಗೂ ಇದು ರುಚಿಸಿತೆ?

1917ರಲ್ಲಿ ಅಮೆರಿಕವು ಮಹಾಯುದ್ಧಕ್ಕಿಳಿಯಿತು. ಮದ್ದುಗುಂಡುಗಳೂ ಹಡಗುಗಳೂ ಅವಸರವಾಗಿ ಬೇಕಾದಾಗ ಸರ್ಕಾರವು ಈ ನಕ್ಷೆಗಳನ್ನೇ ಬಳಸಿತು. 1919ರ ನವೆಂಬರಿನಲ್ಲಿ ಗ್ಯಾಂಟನು ತೀರಿಕೊಂಡನು. ಆತನ ನಕ್ಷೆಯನ್ನು ವಿವರಿಸುವ ವಾಲೆಸ್ ಕ್ಲಾರ್ಕನ ಪುಸ್ತಕವು ಹೊರಬಂದುದು 1922ರಲ್ಲಿ.