ಕಲ್ಲಿನ ಬರಹದಲ್ಲಿ ಜನರನ್ನು ಹುಡುಕಿದ ಫ್ಲೀಟ್ ಸಾಹೇಬರು

ಧರ್ಮಕೇಂದ್ರದ ಹಳೆಯ ಜ್ಞಾನಸ್ನಾನದ ಪುಸ್ತಕದಲ್ಲಿ ಮುತ್ತಜ್ಜನ ಹೆಸರನ್ನು ಹುಡುಕಿದವರು ನಿಮ್ಮಲ್ಲೂ ಇರಬಹುದು. ಹೆಸರು ಸಿಕ್ಕರೆ ಎಷ್ಟು ಸಂತೋಷ! ಸಿಗದಿದ್ದರೆ ಮುತ್ತಜ್ಜ ಹುಟ್ಟಿರಲೇ ಇಲ್ಲವೆಂದು ಯಾರೂ ಹೇಳುವುದಿಲ್ಲ. ಇಂಥದೇ ಹುಡುಕಾಟದಲ್ಲಿ ಬಾಳು ಸವೆಸಿದ ದೊಡ್ಡ ವಿದ್ವಾಂಸರೊಬ್ಬರು ಇಲ್ಲಿಯೇ ಒಮ್ಮೆ ಎಡವಿದರು.

ಅವರು ಜಾನ್ ಫೇತ್‌ಫುಲ್ ಫ್ಲೀಟ್. 1847ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿ, ಲಂಡನ್ನಿನಲ್ಲಿ ಸಂಸ್ಕೃತ ಕಲಿತು, 1867ರಲ್ಲಿ ಸರ್ಕಾರಿ ಅಧಿಕಾರಿಯಾಗಿ ಮುಂಬಯಿ ಪ್ರಾಂತಕ್ಕೆ ಬಂದರು. ಹಾನಗಲ್ಲು, ಹಿರೇಕೆರೂರುಗಳೆಲ್ಲ ಆಗ ಧಾರವಾಡ ಜಿಲ್ಲೆಯಲ್ಲಿದ್ದವು. ಸವಣೂರು ಮಾತ್ರ ನವಾಬರ ಸಂಸ್ಥಾನ. ಕನ್ನಡ ನಾಡಿನ ಶಾಸನಗಳನ್ನು ಓದಲು ಫ್ಲೀಟರು ಹಳಗನ್ನಡವನ್ನೂ ಕಲಿತರು. ಶಿಗ್ಗಾಂವಿ ಸೀಮೆಯ ಬಂಕಾಪುರದ ಶಾಸನಗಳನ್ನು ಪ್ರಕಟಿಸಿದರು. 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಇತಿಹಾಸ ಬರೆದರು. 1883ರಲ್ಲಿ ಸರ್ಕಾರದ ಶಾಸನ ತಜ್ಞರಾದರು.

ಅವರಿಂದ ನಮಗೆ ಸಿಕ್ಕಿದ್ದು ಬರೀ ರಾಜರ ಪಟ್ಟಿಯಲ್ಲ. 1196ರಲ್ಲಿ ಹೊಯ್ಸಳ ವೀರಬಲ್ಲಾಳನು ಆನೆಕೆರೆಯ ಬಳಿ ಬೀಡುಬಿಟ್ಟು ಹಾನಗಲ್ಲಿಗೆ ಮುತ್ತಿಗೆ ಹಾಕಿದನು. ಕದಂಬರ ಕಾಮದೇವನ ದಂಡನಾಯಕ ಸೋಹಣಿ ತನ್ನ ಮಗನೊಡನೆ ಹೋರಾಡಿ ಅವನನ್ನು ಹಿಮ್ಮೆಟ್ಟಿಸಿ, ತಾನು ಮಡಿದನು. ಆ ತಂದೆ-ಮಗನ ನೆನಪನ್ನು ಉಳಿಸಿದ್ದು ಹಾನಗಲ್ಲಿನ ವೀರಗಲ್ಲು. ಇನ್ನೊಂದು ಸಂಗತಿ ಕೇಳಿ: ಬ್ರಿಟಿಷರು 1831ರಲ್ಲಿ ಗಲ್ಲಿಗೇರಿಸಿದ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರೂ ಬ್ರಿಟಿಷ್ ಅಧಿಕಾರಿಯಾದ ಇದೇ ಫ್ಲೀಟರು!

ಹಿರೇಕೆರೂರು ತಾಲ್ಲೂಕಿನ ಅಬಲೂರಿನ ಶಾಸನಗಳನ್ನು ಅವರು ಪ್ರಕಟಿಸಿದ್ದು 1897ರಲ್ಲಿ ನಿವೃತ್ತರಾದ ಮೇಲೆ. ಅದರಲ್ಲೊಂದು ಶಿವಭಕ್ತ ಏಕಾಂತದ ರಾಮಯ್ಯನ ಕಥೆ. ಆಳಂದೆಯಲ್ಲಿ ಪುರುಷೋತ್ತಮ ಭಟ್ಟನ ಮಗನಾಗಿ ಹುಟ್ಟಿದ ಅವನು ಅಬಲೂರಿಗೆ ಬಂದು, ಜೈನರೊಡನೆ ಪಣ ಕಟ್ಟಿ, ತನ್ನ ತಲೆಯನ್ನೇ ಶಿವನಿಗೆ ಅರ್ಪಿಸಿ ಏಳು ದಿನಗಳ ಮೇಲೆ ಮರಳಿ ಪಡೆದನೆಂದು ಅದು ಹೇಳುತ್ತದೆ. ಹಾನಗಲ್ಲಿನ ಅದೇ ಕಾಮದೇವ ಅವನ ದೇವಾಲಯಕ್ಕೆ ದಾನ ಕೊಟ್ಟನು.

ಫ್ಲೀಟರು ಎಡವಿದ್ದು ಇಲ್ಲಿ. ರಾಮಯ್ಯನಿಗೆ ಕಲ್ಲಿನ ಸಾಕ್ಷ್ಯವಿತ್ತು. ಬಸವಣ್ಣನವರಿಗೆ ಅಂಥ ಸ್ಪಷ್ಟ ಸಾಕ್ಷ್ಯ ಅವರಿಗೆ ಕಾಣಲಿಲ್ಲ. ಆದ್ದರಿಂದ ವೀರಶೈವ ಚಳವಳಿಯ ಮೊದಲ ನಾಯಕ ಬಸವಣ್ಣನವರಲ್ಲ, ರಾಮಯ್ಯನೇ ಇರಬೇಕು ಎನ್ನುವ ಕಡೆಗೆ ಅವರು ವಾಲಿದರು. ಮನೆಮನೆಯಲ್ಲಿ ಉಳಿದಿದ್ದ ವಚನಗಳನ್ನೂ ಭಕ್ತರ ನೆನಪನ್ನೂ ಅವರು ಹಗುರವಾಗಿ ತೂಗಿದರೆಂದೇ ನನಗೆ ಅನಿಸುತ್ತದೆ. ಆದರೂ ಅವರನ್ನು ದೂರಲು ಮನಸ್ಸಾಗದು. ಕಣ್ಣಿಗೆ ಬಿದ್ದ ದಾಖಲೆಗೆ ಅವರು ನಿಷ್ಠರಾಗಿದ್ದರು.

1917ರ ಫೆಬ್ರುವರಿ 21ರಂದು ಫ್ಲೀಟರು ತೀರಿಕೊಂಡರು. ಅನಂತರ ಬೆಳಗಾವಿ ಸೀಮೆಯ ಅರ್ಜುನವಾಡದಲ್ಲಿ 1260ರ ಒಂದು ಶಾಸನ ಬೆಳಕಿಗೆ ಬಂತು. ಅದರಲ್ಲಿ ಮಾದಿರಾಜನ ಮಗ ಸಂಗನಬಸವನ ಹೆಸರು ಕೆತ್ತಿತ್ತು.