ಗಣಿಗೆ ಹಕ್ಕಿ ಕಳಿಸಿದ ಹಾಲ್ಡೇನ್

ಮಕ್ಕಳೇ, ಅಹ್ಮದಿಯ ತೈಲ ಬಾವಿಗಳ ಕಡೆ ಕೆಲಸಕ್ಕೆ ಹೋಗುವವರ ಎದೆ ಮೇಲೆ ಒಂದು ಪುಟ್ಟ ಯಂತ್ರ ಇರುತ್ತೆ, ನೋಡಿದ್ದೀರಾ? ವಿಷಗಾಳಿ ಬಂದರೆ ಕೀಂ ಅಂತ ಕೂಗುತ್ತೆ. ನೂರು ವರ್ಷದ ಹಿಂದೆ ಆ ಕೆಲಸ ಕ್ಯಾನರಿ ಹಕ್ಕಿಯದು!

ಅದನ್ನು ಸೂಚಿಸಿದವರು 1860ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದ ಜಾನ್ ಸ್ಕಾಟ್ ಹಾಲ್ಡೇನ್. 1896ರಲ್ಲಿ ವೇಲ್ಸ್‌ನ ಟೈಲರ್ಸ್‌ಟೌನ್ ಕಲ್ಲಿದ್ದಲು ಗಣಿ ಸ್ಫೋಟಿಸಿತು. ಸತ್ತವರಲ್ಲಿ ಹೆಚ್ಚಿನವರನ್ನು ಕೊಂದದ್ದು ಸ್ಫೋಟವಲ್ಲ, ಬಣ್ಣ ವಾಸನೆ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅಂತ ಅವರು ಕಂಡುಹಿಡಿದರು. ಆ ಗಾಳಿಯನ್ನು ತಾವೇ ಉಸಿರಾಡಿ ಪರೀಕ್ಷಿಸಿದರು. (ನೀವು ಮಾತ್ರ ಇಂಥದ್ದಕ್ಕೆ ಹೋಗಬೇಡಿ!) ಪುಟ್ಟ ಹಕ್ಕಿ ಬೇಗಬೇಗ ಉಸಿರಾಡುತ್ತೆ, ಅದಕ್ಕೇ ನಮಗಿಂತ ಮೊದಲೇ ತೂರಾಡಿ ಬೀಳುತ್ತೆ. ಅದನ್ನು ನೋಡಿ ಗಣಿಯವರು ಹೊರಗೆ ಓಡ್ತಿದ್ರು.

ಹಾಲ್ಡೇನ್ 1936ರಲ್ಲಿ ತೀರಿಕೊಂಡರು. ಬ್ರಿಟನ್ನಿನ ಗಣಿಗಳಲ್ಲಿ ಹಕ್ಕಿಯ ಬದಲು ಯಂತ್ರ ಇಡೋಣ ಅಂತ ತೀರ್ಮಾನವಾದದ್ದು 1986ರಲ್ಲಿ.