ಎರಡು ಪೈಸೆಯ ಲೆಕ್ಕ ಬಲ್ಲವರು: ಕುದ್ಮುಲ್ ರಂಗರಾವ್

ಜೂನ್ ಬಂತೆಂದರೆ ಮಾದಾಪುರದ ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗಾಗಿ ನೋಟ್‌ಬುಕ್ಕು, ಬ್ಯಾಗು ಒಟ್ಟುಮಾಡುವ ಓಡಾಟ. ಕೊಡುವ ಕೈಗಳಿಗೆ ಕೊರತೆಯಿಲ್ಲ, ಅದು ಸಂತೋಷವೇ. ಆದರೆ ಕಟ್ಟಡ ಕೆಲಸಕ್ಕೆಂದು ಊರು ಬಿಟ್ಟು ಬಂದ ತಾಯಿ ಬೆಳಿಗ್ಗೆ ಕೂಲಿಗೆ ಹೊರಟರೆ, ಕೈಗೂಸನ್ನು ನೋಡಿಕೊಳ್ಳಲು ದೊಡ್ಡ ಮಗಳು ಮನೆಯಲ್ಲೇ ಉಳಿಯಬೇಕಾಗುತ್ತದೆ. ಹೊಸ ಬ್ಯಾಗು ಮೊಳೆಗೆ ನೇತುಬೀಳುತ್ತದೆ. ಮಗುವನ್ನು ಓದಿಸಬೇಕಾದರೆ ಮನೆಯ ಕಷ್ಟವನ್ನೂ ನೋಡಬೇಕು ಎಂಬುದನ್ನು ನೂರಮೂವತ್ತು ವರ್ಷಗಳ ಹಿಂದೆಯೇ ಮಂಗಳೂರಿನಲ್ಲಿ ಮಾಡಿ ತೋರಿಸಿದವರು ಕುದ್ಮುಲ್ ರಂಗರಾವ್.

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡು ಸೀಮೆಯಲ್ಲಿ, ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಬದುಕು ಹುಡುಕಿ ಮಂಗಳೂರಿಗೆ ಬಂದ ಹುಡುಗ ಮೇಷ್ಟರಾಗಿ ದುಡಿಯುತ್ತಲೇ ಓದಿ, ಪರೀಕ್ಷೆ ಪಾಸುಮಾಡಿ ವಕೀಲರಾದರು. ಬ್ರಹ್ಮಸಮಾಜದ ಉಳ್ಳಾಲ ರಘುನಾಥಯ್ಯನವರ ಒಡನಾಟ ಅವರ ಯೋಚನೆಯನ್ನು ತಿದ್ದಿತು. ವಕೀಲಿಕೆಯಲ್ಲೇ ಮುಂದುವರಿದಿದ್ದರೆ ಸುಖವಾಗಿರಬಹುದಿತ್ತು.

1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ, ಬಾಡಿಗೆ ಜಾಗದಲ್ಲಿ, ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ತೆರೆಯುವುದು ಸುಲಭ, ನಡೆಸುವುದು ಕಷ್ಟ. ಆ ಮಕ್ಕಳಿಗೆ ಕಲಿಸಲು ಮೇಲ್ಜಾತಿಯ ಉಪಾಧ್ಯಾಯರು ಮುಂದೆ ಬರಲಿಲ್ಲ. ಕ್ರೈಸ್ತ ಉಪಾಧ್ಯಾಯರನ್ನು ಕರೆತಂದರು. ವಿರೋಧ ಹೆಚ್ಚಿದಂತೆ ಶಾಲೆ ಜಾಗ ಬದಲಿಸಬೇಕಾಯಿತು. ರಾಯರ ಮೇಲೆ ಬಹಿಷ್ಕಾರ ಬಿತ್ತು. ಬಹಿಷ್ಕಾರ ಅಂದರೆ ಅದನ್ನು ಹೆಚ್ಚು ಅನುಭವಿಸುವುದು ಮನೆಯೊಳಗಿನ ಹೆಂಗಸರು. ಚರಿತ್ರೆಯಲ್ಲಿ ಅವರ ಪಾಡು ಅರ್ಧ ಸಾಲಿಗಿಂತ ಹೆಚ್ಚು ಸಿಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ತೊಡಕು ಹಸಿವು. ಕೂಲಿಗೆ ಹೋದರೆ ಮಗು ನಾಲ್ಕು ಕಾಸು ತರುತ್ತದೆ, ಶಾಲೆಗೆ ಹೋದರೆ ಏನು ತರುತ್ತದೆ? ರಂಗರಾಯರು ಈ ಪ್ರಶ್ನೆಗೆ ಉಪದೇಶದಿಂದ ಉತ್ತರ ಕೊಡಲಿಲ್ಲ. ಶಾಲೆಗೆ ಬಂದ ಮಕ್ಕಳಿಗೆ ಮಧ್ಯಾಹ್ನದ ಊಟ ಹಾಕಿದರು, ದಿನಕ್ಕೆ ಎರಡು ಪೈಸೆ ಕೊಟ್ಟರು. ಇಂದು ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟದ ತಟ್ಟೆ ನೋಡುವಾಗ ನನಗೆ ನೆನಪಾಗುವುದು ಆ ಎರಡು ಪೈಸೆಯೇ.

1897ರಲ್ಲಿ ಅವರು ಕಟ್ಟಿದ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸಂಸ್ಥೆಯ ಕೆಲಸ ಪಾಠಕ್ಕೆ ನಿಲ್ಲಲಿಲ್ಲ. ಮಂಗಳೂರಿನ ಕೊಡಿಯಾಲಬೈಲಿನ ಶೇಡಿಗುಡ್ಡೆಯಲ್ಲಿ ಶಾಲೆಯ ಜೊತೆ ನೇಯ್ಗೆಯಂಥ ಕಸುಬಿನ ತರಬೇತಿ, ಮಕ್ಕಳಿಗೆ ಹಾಸ್ಟೆಲು ಬಂದವು. ನೆಲವಿಲ್ಲದ ಕುಟುಂಬಗಳಿಗೆ ಮನೆ ಕಟ್ಟಿಕೊಳ್ಳಲು ಜಾಗ ಕೊಡಿಸಿದರು, ಕೊರಗರಿಗಾಗಿಯೂ ದುಡಿದರು. ಜಿಲ್ಲಾ ಬೋರ್ಡಿನಲ್ಲಿ, ಪುರಸಭೆಯಲ್ಲಿ ದಲಿತರೂ ಕೂರುವಂತಾಗಲು ಅವರ ಪ್ರಯತ್ನವಿತ್ತು. ಶಾಲೆಗಳು ಉಡುಪಿ ಕಡೆಗೂ ಹಬ್ಬಿದವು. ಕಾರ್ನಾಡ್ ಸದಾಶಿವರಾಯರಂಥವರು ಕೈಜೋಡಿಸಿದರು. ಮುಂದೆ ಮಿಷನ್ನಿನ ಹೊಣೆ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಗೆ ಹೋಯಿತು.

ಸುಧಾರಣೆಯನ್ನು ಬೀದಿಯಲ್ಲಿ ಸಾರಿ ಮನೆಯಲ್ಲಿ ಮರೆಯುವವರೇ ಹೆಚ್ಚು. ಇವರು ಹಾಗಲ್ಲ. ಎಳೆವಯಸ್ಸಿನಲ್ಲೇ ವಿಧವೆಯಾದ ಮಗಳು ರಾಧಾಬಾಯಿಯನ್ನು ಮೂಲೆಗೆ ಕೂರಿಸದೆ ಓದಿಸಿದರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಆಕ್ಸ್‌ಫರ್ಡಿನ ಸೋಮರ್‌ವಿಲ್ ಕಾಲೇಜು ಎಲ್ಲವನ್ನೂ ಆಕೆ ಕಂಡರು. 1912ರಲ್ಲಿ ಬೇರೆ ಜಾತಿಯ, ಬೇರೆ ಭಾಷೆಯ ಪಿ. ಸುಬ್ಬರಾಯನ್ ಅವರೊಂದಿಗೆ ಮದುವೆಯಾಯಿತು. ಈ ಸುಬ್ಬರಾಯನ್ ಮುಂದೆ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿಯಾದರು. ರಾಧಾಬಾಯಿ ದುಂಡುಮೇಜಿನ ಪರಿಷತ್ತಿನಲ್ಲಿ ಹೆಂಗಸರ ಪರವಾಗಿ ಕುಳಿತರು, 1938ರಲ್ಲಿ ಕೇಂದ್ರದ ಮೇಲ್ಮನೆಗೆ ಆರಿಸಿ ಬಂದರು. ಆಕೆಯ ಮಗಳು ಪಾರ್ವತಿ ಕೃಷ್ಣನ್ ಸಂಸತ್ ಸದಸ್ಯೆ, ಮಗ ಪಿ.ಪಿ. ಕುಮಾರಮಂಗಲಂ ನಮ್ಮ ಭೂಸೇನೆಯ ಮುಖ್ಯಸ್ಥ.

ಮಂಗಳೂರಿನ ಪುರಭವನಕ್ಕೆ ಇಂದು ರಂಗರಾಯರದೇ ಹೆಸರು. ಅಲ್ಲಿಗೆ ನಾಟಕ ನೋಡಲು ಹೋದವರಲ್ಲಿ ಎಷ್ಟು ಮಂದಿ ಆ ಹೆಸರನ್ನು ತಲೆಯೆತ್ತಿ ಓದಿದ್ದಾರೋ!

ಕೊನೆಗಾಲದಲ್ಲಿ ಸಂನ್ಯಾಸ ಸ್ವೀಕರಿಸಿ ಈಶ್ವರಾನಂದ ಎಂಬ ಹೆಸರು ಪಡೆದರು. ತಾವು ಕಲಿಸಿದ ಸಮುದಾಯದ ಮಗುವೊಂದು ದೊಡ್ಡ ಕೆಲಸ ಹಿಡಿದು ಕಾರಿನಲ್ಲಿ ಹೋಗುವಾಗ ಏಳುವ ಧೂಳು ತಮ್ಮ ತಲೆಗೆ ಸೋಕಲಿ ಎಂಬುದು ಅವರ ಆಸೆಯಾಗಿತ್ತು. 1928ರ ಜನವರಿ 30ರಂದು ತೀರಿಕೊಂಡರು. ಅವರ ಇಚ್ಛೆಯಂತೆ ಅಂತ್ಯಕ್ರಿಯೆ ನಡೆದದ್ದು ಊರಿನ ಕಸ ಗುಡಿಸುತ್ತಿದ್ದ ತೋಟಿಗಳ ಕೈಯಿಂದ.